ಕಾಲರಿನ ಒಳಗಿನ ಸಾಲು

ಗುರುವಾರ, ಮಧ್ಯಾಹ್ನ

ನನ್ನ ಕೂಸೇ,

ಇವತ್ತು ಊಟ ಮಾಡಿ ಸ್ವಲ್ಪ ಅಡ್ಡಾದೆ ನೋಡು, ಆಗ ಬಿತ್ತು ಈ ಹಾಳು ಕನಸು. ಒಂದು ಉದ್ದನೆಯ ಆಸ್ಪತ್ರೆ. ಕೊನೆಯ ಮಂಚದ ಮೇಲೆ ನೀನು. ಪಕ್ಕದಲ್ಲಿ ಒಬ್ಬ ನರ್ಸಮ್ಮ ಸೂಜಿ ಹಿಡಿದು ನಿಂತಿದ್ದಾಳೆ. ನಾನು ನಿನ್ನ ಅಂಗಿಯ ಕಾಲರ್ ಮಗುಚಿದರೆ ಅದರೊಳಗೆ ಇನ್ನೊಂದು ಕಾಲರ್, ಅದನ್ನು ಮಗುಚಿದರೆ ಮತ್ತೊಂದು. ನಾನು ಹೊಲಿದ ಸಾಲು ಎಲ್ಲೂ ಸಿಗಲಿಲ್ಲ. ಆ ನರ್ಸಮ್ಮ ಬಹಳ ಮರ್ಯಾದೆಯಿಂದ ನನ್ನನ್ನು ಏನೋ ಕೇಳಿದಳು. ನನಗೆ ಒಂದಕ್ಷರ ತಿಳಿಯಲಿಲ್ಲ. ತಿಳಿಯದೇನೇ ಹೂಂ ಅಂತ ತಲೆ ಆಡಿಸಿಬಿಟ್ಟೆ! ಎದ್ದಾಗ ಬೆನ್ನೆಲ್ಲ ಬೆವರು.

ಕನಸಾದರೂ ವಾಸಿ, ಎದ್ದು ನೀರು ಕುಡಿಯಬಹುದು. ನಿನ್ನ ಪತ್ರ ಓದಿದ ಮೇಲೆ ನನಗೆ ನೀರೂ ಇಳಿದಿಲ್ಲ. ಅಲ್ಲ ಕಣೇ, ಎಂಥಾ ಪತ್ರ ಅದು! ಹಡಗಿನ ಅಡುಗೆಮನೆಯಲ್ಲಿ ಬಿಸಿ ಎಣ್ಣೆ ಹಾರಿ ಕೈ ಸುಟ್ಟಿತು, ಕೀವಾಯಿತು, ಜ್ವರ ನೆತ್ತಿಗೇರಿತು, ಅಂಗೋಲಾ ದೇಶದ ಬಂದರಿನಲ್ಲಿ ಇಳಿಸಿ ಆಸ್ಪತ್ರೆಗೆ ಹಾಕಿದರು, ಅಲ್ಲಿ ಸ್ವಲ್ಪದರಲ್ಲಿ ಮೇಲಿನ ಊರಿಗೆ ಟಿಕೆಟ್ ಸಿಗುತ್ತಿತ್ತು ಅಂತ ಬರೆದು ಪಕ್ಕದಲ್ಲಿ ನಗುವ ಮುಖ ಬೇರೆ ಬಿಡಿಸಿದ್ದೀಯ. ನಗು ಬಂತಾ ನಿನಗೆ? ನಾನು ಅದನ್ನು ಓದಿದ್ದು ಮೆಟ್ಟಿಲ ಮೇಲೆ. ಅಲ್ಲೇ ಕುಸಿದು ಕೂತೆ. ಬಂದವರು ಹೋದವರೆಲ್ಲ ನನ್ನನ್ನು ದಾಟಿಕೊಂಡು ಹೋದರು.

ಪೆನಿಸಿಲಿನ್ ನಿನಗೆ ಆಗಿಬರುವುದಿಲ್ಲ ಅಂತ ತಿಳಿದ ದಿನ ನಿನಗೆ ನೆನಪಿರಲಾರದು, ಆಗಿನ್ನೂ ಲಂಗದ ಹುಡುಗಿ. ಸೂಜಿ ಕಿತ್ತ ಕ್ಷಣಕ್ಕೆ ತುಟಿ ಊದಿ ನಿನ್ನ ಮುಖ ನನಗೇ ಗುರುತು ಸಿಗಲಿಲ್ಲ. ಉಸಿರು ಸೀಟಿ ಊದಿದ ಹಾಗೆ. ನಿಮ್ಮಪ್ಪ ನಿನ್ನನ್ನು ಹೆಗಲಿಗೆ ಹಾಕಿಕೊಂಡು ಚಪ್ಪಲಿ ಬಿಟ್ಟು ದೊಡ್ಡಾಸ್ಪತ್ರೆಗೆ ಓಡಿದರು. ಇನ್ನೊಂದು ಸಲ ಚುಚ್ಚಿದರೆ ಉಳಿಯುವುದಿಲ್ಲಮ್ಮ ಅಂತ ಅಲ್ಲಿನ ಡಾಕ್ಟರು ನನ್ನ ಮುಖಕ್ಕೇ ಹೇಳಿದರು. ಆ ಮಾತು ಇವತ್ತಿಗೂ ಕಿವಿಯಲ್ಲೇ ಇದೆ.

ಅದಕ್ಕೇ ಅಲ್ಲವೇ ನೀನು ಹಡಗಿಗೆ ಅಡುಗೆಯವಳಾಗಿ ಹೋಗುತ್ತೇನೆ ಅಂದಾಗ ನಾನು ಅಂಗಿಗಳನ್ನು ಕೇಳಿದ್ದು? ಯೂನಿಫಾರ್ಮ್ ಅಂಗಡಿಯಲ್ಲಿ ಕೂತು ಊರವರ ಹೆಸರನ್ನೆಲ್ಲ ಜೇಬಿನ ಮೇಲೆ ಹೊಲಿಯುವವಳು, ಹೆತ್ತ ಮಗಳ ಕಾಲರಿನೊಳಗೆ ‘ಪೆನಿಸಿಲಿನ್ ಬೇಡ’ ಅಂತ ಒಂದು ಸಾಲು ಹೊಲಿಯಲಾರೆನೇ? ಚೀಟಿ ಕೊಟ್ಟರೆ ನೀನು ಕಳೆಯುತ್ತೀಯ. ಮೈಮೇಲಿನ ಅಂಗಿ ಎಲ್ಲಿ ಕಳೆಯುತ್ತೀಯ ಅಂತ ನನ್ನ ಲೆಕ್ಕಾಚಾರ. ಯಾವ ಭಾಷೆಯಲ್ಲಿ ಹೊಲಿಯಬೇಕು ಅಂತ ಕೇಳಲು ನಿನ್ನ ಹಡಗಿನ ಕಂಪನಿಗೇ ಹೋದೆ. ಅಲ್ಲಿ ನಿಮ್ಮನ್ನೆಲ್ಲ ಹಡಗು ಹತ್ತಿಸುವವರು ಇದ್ದಾರಲ್ಲ, ಬಾಯಿಂದ ಹಲ್ಲುಕಡ್ಡಿ ತೆಗೆಯದ ಸಾಹೇಬರು, ಅವರು ತಲೆ ಎತ್ತದೇ ಹೇಳಿದರು. ಆಫ್ರಿಕಾ ಅಂದರೆ ಫ್ರೆಂಚ್ ಸಾಕಮ್ಮ, ದಕ್ಷಿಣ ಅಮೆರಿಕಕ್ಕೆ ಸ್ಪ್ಯಾನಿಷ್ ಸಾಕು, ಎರಡು ಬಗೆ ಹೊಲಿದುಬಿಡಿ ಅಂತ. ಎರಡು ಸಾಲು ಬರೆದೂ ಕೊಟ್ಟರು. ನಾನು ಕೈಮುಗಿದು ಬಂದೆ. ನೀಲಿ ಅಂಗಿಗೆ ಫ್ರೆಂಚ್, ಬಿಳಿ ಅಂಗಿಗೆ ಸ್ಪ್ಯಾನಿಷ್.

ಅಂಗೋಲಾದಲ್ಲಿ ನಿನ್ನ ಮೈಮೇಲೆ ಇದ್ದದ್ದು ನೀಲಿ ಅಂಗಿ. ಅಲ್ಲಿ ಆಡುವುದು ಪೋರ್ಚುಗೀಸ್! ಮಗಳೇ, ನರ್ಸಮ್ಮನಿಗೆ ಏನೂ ಅರ್ಥವಾಗದೇ ಇದ್ದಿದ್ದರೆ ಚೆನ್ನಾಗಿತ್ತು, ಯಾರನ್ನಾದರೂ ಕೇಳುತ್ತಿದ್ದಳು. ಔಷಧಿಯ ಹೆಸರು ಆ ಭಾಷೆಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಹೆಸರು ತಿಳಿಯಿತು, ‘ಬೇಡ’ ಅನ್ನುವುದು ತಿಳಿಯಲಿಲ್ಲ. ಇವಳಿಗೆ ಇದೇ ಔಷಧಿ ಕೊಡಬೇಕಂತೆ, ಅಂಗಿಯಲ್ಲೇ ಬರೆದುಕೊಂಡು ಬಂದಿದ್ದಾಳೆ ಅಂದುಕೊಂಡು ಪಾಪ ಅದನ್ನೇ ತುಂಬಿಕೊಂಡು ಬಂದಳು! ನೀನು ಜ್ವರದಲ್ಲಿ ಕಣ್ಣು ಬಿಡಲಾರದೆ ಬಿದ್ದಿದ್ದೆ. ಜೊತೆಗೆ ಬಂದಿದ್ದ ಡೆಕ್ಕಿನ ಮೇಸ್ತ್ರಿಗೆ ನಿನಗದು ಆಗುವುದಿಲ್ಲ ಅಂತ ಗೊತ್ತಿದ್ದದ್ದಕ್ಕೆ ಸರಿಹೋಯಿತು, ಅವರು ಸೀಸೆ ನೋಡಿ ಅವಳ ಕೈ ಹಿಡಿಯದಿದ್ದರೆ? ನಿನ್ನನ್ನು ಕಾಯಲಿ ಅಂತ ನಾನು ಹೊಲಿದ ಸಾಲೇ ನಿನ್ನನ್ನು ಮುಗಿಸುತ್ತಿತ್ತು.

ಮೊದಲು ಆ ನರ್ಸಮ್ಮನನ್ನು ಬಾಯಿತುಂಬ ಬೈದೆ. ಆಮೇಲೆ ವಾಪಸ್ ತೆಗೆದುಕೊಂಡೆ. ಅವಳದೇನು ತಪ್ಪು? ಓದಿದ್ದನ್ನು ಮಾಡಿದಳು. ಓದಲು ಕೊಟ್ಟವರು ಯಾರು?

ಮಹಡಿ ಮೇಲಿನ ಭೂಗೋಳದ ಟೀಚರಮ್ಮನ ಹತ್ತಿರ ಹೋಗಿ ಅತ್ತೆ. ಅವರು ನೆಲದ ಮೇಲೆ ನಕ್ಷೆ ಹಾಸಿ, ನಾಲ್ಕು ಮೂಲೆಗೂ ಅಡುಗೆಮನೆಯ ಡಬ್ಬಿ ಇಟ್ಟು ತೋರಿಸಿದರು. ನಿನ್ನ ತಾಯಿ ಆರನೇ ಕ್ಲಾಸಿನ ನಡುವೆ ಪುಸ್ತಕ ಮುಚ್ಚಿದವಳು, ಸಮುದ್ರ ಯಾವ ಬಣ್ಣ ಅಂತ ಮಾತ್ರ ನೆನಪಿತ್ತು. ಈ ಭಾಷೆಗಳಿಗೆಲ್ಲ ಲ್ಯಾಟಿನ್ ಅಂತ ಒಬ್ಬಳೇ ತಾಯಿಯಂತೆ. ಅವಳು ಹೋಗಿ ಎಷ್ಟೋ ಕಾಲವಾಯಿತು. ಮಕ್ಕಳು ಮಾತ್ರ ಲೋಕವೆಲ್ಲ ಹರಡಿಕೊಂಡಿದ್ದಾರೆ. ಮೆಕ್ಸಿಕೋದಿಂದ ಕೆಳಗೆ ಚಿಲಿಯ ತುದಿಯವರೆಗೆ ಬಹುಪಾಲು ಸ್ಪ್ಯಾನಿಷ್, ಆದರೆ ನಡುವೆ ಅಷ್ಟು ದೊಡ್ಡ ಬ್ರೆಜಿಲ್ ಪೂರ್ತಿ ಪೋರ್ಚುಗೀಸ್. ಆಫ್ರಿಕಾದಲ್ಲಿ ಸೆನೆಗಲ್, ಕಾಂಗೋ ಕಡೆ ಫ್ರೆಂಚ್. ಅಂಗೋಲಾ, ಮೊಜಾಂಬಿಕ್‌ನಲ್ಲಿ ಪೋರ್ಚುಗೀಸ್. ಕೆನಡಾದಲ್ಲೂ ಒಂದು ಭಾಗಕ್ಕೆ ಭಾಗವೇ ಫ್ರೆಂಚ್ ಆಡುತ್ತಾರಂತೆ, ನಿನಗೆ ಗೊತ್ತಿತ್ತಾ? ಇಟಲಿಯದು ಬಹುಮಟ್ಟಿಗೆ ಮನೆ ಬಿಟ್ಟು ಹೊರಗೆ ಹೋಗಲಿಲ್ಲ. ರೊಮೇನಿಯದ ಭಾಷೆಯೂ ಅದೇ ಮನೆಯದು, ಸುತ್ತ ಬೇರೆ ಮಾತಿನವರ ನಡುವೆ ದೂರಕ್ಕೆ ಕೊಟ್ಟ ಹೆಣ್ಣಿನ ಹಾಗೆ ಒಂಟಿಯಾಗಿ ಕೂತಿದೆ. ಅದನ್ನು ನೋಡಿ ನನಗೆ ಯಾಕೋ ಕಣ್ಣೀರು ಬಂತು.

ಆಮೇಲೆ ಸಿಟ್ಟೂ ಬಂತು. ಎಲ್ಲಿಂದಲೋ ಹಡಗಿನಲ್ಲಿ ಬಂದವರು ಯಾರದೋ ನೆಲಕ್ಕೆ ಗೆರೆ ಎಳೆದು, ಇತ್ತ ಇರುವವರು ಹೀಗೆ ಮಾತಾಡಿ, ಅತ್ತ ಇರುವವರು ಹಾಗೆ ಮಾತಾಡಿ ಅಂದರಂತೆ. ಅಳತೆ ತೆಗೆಯದೆ ಬೇರೆಯವರ ಬಟ್ಟೆಗೆ ಕತ್ತರಿ ಹಾಕಿದ ಹಾಗೆ. ಅಲ್ಲಿನವರಿಗೆ ಅವರವರ ಮನೆಮಾತು ಬೇರೆ ಇದೆಯಂತಲ್ಲ, ಅದನ್ನು ಕೇಳುವವರು ಯಾರು?

ಆಮೇಲೆ ಹಡಗಿನ ಕಂಪನಿಗೆ ಹೋಗಿದ್ದೆ. ಸ್ವಲ್ಪ ಮಾತು ಬಂತು, ಅಷ್ಟೇ. ನಾನು ಏನೂ ಜಾಸ್ತಿ ಮಾಡಲಿಲ್ಲ.

ಸರಿ, ಮಾಡಿದೆ. ಕಂಪನಿಯ ಸುದ್ದಿ ಹಡಗಿಗೆ ಮುಟ್ಟದೇ ಇರುತ್ತದೆಯೇ, ನೀನು ಹೇಗೂ ಮೇಸ್ತ್ರಿ ಕಡೆಯಿಂದ ಕೇಳುತ್ತೀಯ. ಹಲ್ಲುಕಡ್ಡಿ ಸಾಹೇಬರಿಗೆ ನಡೆದದ್ದೆಲ್ಲ ಹೇಳಿದೆ. ಅವರು ಕಡ್ಡಿಯನ್ನು ಬಾಯಿಯ ಆ ಕಡೆಯಿಂದ ಈ ಕಡೆಗೆ ತಂದು, ಅಯ್ಯೋ ತಾಯಿ, ಅವೆಲ್ಲ ಒಂದೇ ತಾಯಿಯ ಮಕ್ಕಳು, ಒಬ್ಬರದು ಇನ್ನೊಬ್ಬರಿಗೆ ತಿಳಿಯುತ್ತೆ ಅಂದರು. ನಾನೂ ನನ್ನ ತಂಗಿಯೂ ಒಂದೇ ತಾಯಿಯ ಮಕ್ಕಳು ಸ್ವಾಮಿ, ಅವಳು ಮಾತಾಡುವುದು ನನಗೆ ಇವತ್ತಿಗೂ ತಿಳಿದಿಲ್ಲ ಅಂದೆ. ಫೋನ್ ಎತ್ತುವ ಹುಡುಗಿ ಕಿಸಕ್ಕನೆ ನಕ್ಕಳು. ಸಾಹೇಬರು ನಗಲಿಲ್ಲ. ಮಗಳು ಬದುಕಿದ್ದಾಳಲ್ಲಮ್ಮ, ಮತ್ತೆ ಯಾಕೆ ಈ ರಂಪ ಅಂದರು.

ಬದುಕಿದ್ದಾಳಲ್ಲ! ಅಂದರೆ ಹೋಗಿದ್ದರೆ ಮಾತ್ರ ನಾನು ಬಾಯಿ ತೆರೆಯಬೇಕಿತ್ತೇನೋ?

ಗೋಡೆಯ ಮೇಲೆ ಗಾಜು ಹಾಕಿಸಿದ ದೊಡ್ಡ ನಕ್ಷೆ ಇತ್ತು. ನನ್ನ ಸೊಂಟದ ಚೀಲದಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಇತ್ತು. ಕೈ ನಿಲ್ಲಲಿಲ್ಲ ಕಣೇ. ಇದು ಪೋರ್ಚುಗೀಸ್, ಇದು ಪೋರ್ಚುಗೀಸ್, ಇದೂ ಪೋರ್ಚುಗೀಸ್ ಅಂತ ಗಾಜಿನ ಮೇಲೆ ಗೆರೆ ಎಳೆಯುತ್ತಾ ಹೋದೆ. ಆ ಭರದಲ್ಲಿ ಈಕ್ವಟೋರಿಯಲ್ ಗಿನಿಗೂ ಎಳೆದುಬಿಟ್ಟೆ. ಅಲ್ಲಿ ಹೆಚ್ಚಾಗಿ ಸ್ಪ್ಯಾನಿಷ್ ಆಂಟಿ ಅಂತ ಫೋನಿನ ಹುಡುಗಿ ಮೆಲ್ಲಗೆ ಹೇಳಿದಳು. ಆಗ ನಕ್ಕರು ನೋಡು ಸಾಹೇಬರು, ಹೊಟ್ಟೆ ಹಿಡಿದುಕೊಂಡು. ನೋಡಿದ್ರಾ, ನೀವೂ ತಪ್ಪಿದ್ರಿ, ನಾನೂ ತಪ್ಪಿದೆ, ಸರಿಹೋಯ್ತು ಅಂದರು. ನನ್ನ ತಪ್ಪು ಒರೆಸಿದರೆ ಹೋಗುತ್ತದೆ, ನಿಮ್ಮದು ನನ್ನ ಮಗಳ ಮೈಗೆ ಹೋಗುತ್ತಿತ್ತು ಅಂದು ಹೊರಟುಬಂದೆ.

ಈಗ ಕೇಳು. ನಿಮ್ಮ ಹಡಗಿಗೆ ಹೊಸದಾಗಿ ಸೇರುವ ಫಿಟ್ಟರ್ ಕೈಯಲ್ಲಿ ಅಂಗಿಗಳ ಗಂಟು ಕಳಿಸುತ್ತಿದ್ದೇನೆ. ಕಾಲರಿನಲ್ಲಿ ಜಾಗ ಸಾಲದು ಅಂತ ಈ ಸಲ ಬೆನ್ನಿನ ಒಳಗೆ ಹೊಲಿದಿದ್ದೇನೆ. ಎಲ್ಲಾ ಅಂಗಿಯಲ್ಲೂ ಎಲ್ಲಾ ಸಾಲು. ಸ್ಪ್ಯಾನಿಷ್, ಪೋರ್ಚುಗೀಸ್, ಫ್ರೆಂಚ್, ಇಟಾಲಿಯನ್, ರೊಮೇನಿಯನ್, ಕೆಳಗೆ ಇಂಗ್ಲಿಷ್. ಪಕ್ಕದಲ್ಲಿ ಸೂಜಿಯ ಚಿತ್ರ, ಅದರ ಮೇಲೆ ಕೆಂಪು ಅಡ್ಡಗೆರೆ. ಹಳೆಯ ಸಾಲು ಚುಚ್ಚುತ್ತದೆ, ಎಲ್ಲರೂ ಲೇಬಲ್ ಅಕ್ಕ ಅಂತ ಆಡಿಕೊಳ್ಳುತ್ತಾರೆ, ಕಿತ್ತುಹಾಕುತ್ತೇನೆ ಅಂತ ಬರೆದಿದ್ದೀಯಲ್ಲ, ಹಳೆಯದನ್ನು ಈಗಲೇ ಕಿತ್ತುಹಾಕು, ಒಂದು ಎಳೆಯೂ ಉಳಿಯಬಾರದು. ಹೊಸದಕ್ಕೆ ಕತ್ತರಿ ತಾಗಿಸಿದರೆ ಮಾತ್ರ ನೋಡು! ನೋಟಿಸ್ ಬೋರ್ಡ್ ಹಾಗೆ ಕಾಣುತ್ತೀಯಾ? ಕಾಣು. ಉಸಿರಾಡುವ ನೋಟಿಸ್ ಬೋರ್ಡ್ ಆದರೆ ನನಗೆ ಸಾಕು.

ಮೇಸ್ತ್ರಿಗೆ ನನ್ನ ನಮಸ್ಕಾರ ಹೇಳು. ಅವರ ಅಂಗಿಯ ಅಳತೆ ಕೇಳಿ ಬರೆ. ಕೈಗೆ ನೀರು ತಾಗಿಸಬೇಡ.

ನಿನ್ನನ್ನೇ ಹಂಬಲಿಸುವ,
ಅಮ್ಮ

ಮತ್ತೆ ನೆನಪಾಗಿದ್ದು: ಅಂಗಡಿಯ ವಿಳಾಸಕ್ಕೆ ಪತ್ರ ಹಾಕಬೇಡ, ಮನೆಗೇ ಹಾಕು. ಆ ಕಂಪನಿಯ ಯೂನಿಫಾರ್ಮೆಲ್ಲ ನಮ್ಮ ಅಂಗಡಿಯದೇ ಅಂತ ನಿನಗೆ ಗೊತ್ತಲ್ಲ. ಸಾಹೇಬರ ಫೋನ್ ಬಂದ ಮೇಲೆ ಮಾಲೀಕರು ನನ್ನ ಕತ್ತರಿ, ಟೇಪು ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರು. ಇದನ್ನು ಹೇಳಬಾರದು ಅಂತಿದ್ದೆ. ನೀನು ಅದಕ್ಕೆ ಕೊರಗಬೇಡ, ಮನೆಯ ತುಳಿಯುವ ಮೆಷಿನ್ ಇನ್ನೂ ಓಡುತ್ತದೆ. ಆದರೆ ಒಂದು ಮಾತು. ಈ ಸಲದ ಸಾಲುಗಳನ್ನು ಟೀಚರಮ್ಮ ಪುಸ್ತಕ ನೋಡಿ ಬರೆದುಕೊಟ್ಟದ್ದು, ನಾನು ಅಕ್ಷರ ನೋಡಿ ಅಕ್ಷರ ಹೊಲಿದದ್ದು, ನನಗೆ ಒಂದೂ ಓದಲು ಬರುವುದಿಲ್ಲ. ಮುಂದೆ ಬ್ರೆಜಿಲ್ ಅಂದೆಯಲ್ಲ, ಅಲ್ಲಿ ಇಳಿದ ತಕ್ಷಣ ಆ ಊರಿನವರಿಗೇ ಯಾರಿಗಾದರೂ ಅಂಗಿ ತೋರಿಸಿ, ಅಲ್ಲಿರುವುದು ‘ಕೊಡಬೇಡಿ’ ಅಂತಲೇ ಹೌದಾ ಅಂತ ಇನ್ನೊಂದು ಸಲ ಓದಿಸಿ ನೋಡು.