ಅಪ್ಪನ ಪುಟಕ್ಕೆ ಆಧಾರ

ಅತ್-ಬಾಶಿ
ಅಕ್ಟೋಬರ್ ೯

ಪ್ರೀತಿಯ ತಮ್ಮ ಎಲ್ದಿಯಾರ್,

ಹೇಗಿದ್ದೀಯ? ಬೇಗ ಬರೆಯಲಾಗಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಅಪ್ಪನನ್ನು ಮಣ್ಣು ಮಾಡಿದ ದಿನದಿಂದ ಮನೆಗೆ ಬಂದು ಹೋಗುವವರು ನಿಂತಿಲ್ಲ. ಚಹಾ ಕಾಸುವುದು, ಹಿಟ್ಟಿನ ಬೊರ್ಸೊಕ್ ಕರಿಯುವುದು, ಅದೇ ಆಗಿದೆ. ಫೋನ್ ಮಾಡಿದರೆ ನಿನಗೆ ಹಿಂಸೆ ಎಂದು ಗೊತ್ತು, ಅದಕ್ಕೇ ಈ ಕಾಗದ. ನಿನಗೆ ಬೇಕಾದಾಗ ಓದು.

ಸುತ್ತಿ ಬಳಸಿ ಹೇಳಿದರೆ ನಿನಗಾಗದು, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಅಪ್ಪನ ನಲವತ್ತನೇ ದಿನದ ಊಟ. ನೀನು ಬರಬೇಕು.

ಬುರ್ಮಾಕನ್ ಅತ್ತೆ ಇನ್ನೂ ಮಣ್ಣು ಮಾಡಿದ ದಿನದ ಮಾತನ್ನೇ ಹಿಡಿದುಕೊಂಡಿದ್ದಾಳೆ. ನಿನ್ನೆ ಹಿಟ್ಟು ನಾದುತ್ತಾ, "ಗಂಡುಮಕ್ಕಳು ಬಾಗಿಲಲ್ಲಿ ಕೋಲೂರಿ ನಿಂತು ಜೋರಾಗಿ ಅಳೋದು ನಮ್ಮಲ್ಲಿ ಇವತ್ತು ನಿನ್ನೇದಾ? ಇರೋನೊಬ್ಬ ಮಗ, ಕಿವಿ ಮುಚ್ಕೊಂಡು ಓಡಿಹೋದ," ಎಂದಳು. ನಗರದ ಡಾಕ್ಟರು ನಿನ್ನ ಸ್ವಭಾವಕ್ಕೆ ಹೇಳಿದ ಹೆಸರನ್ನು ಹೇಳಿದೆ, ಆಟಿಸಂ ಅಂತ. "ಅದಕ್ಕೆ ಇಂಜೆಕ್ಷನ್ ಇಲ್ವೇನೇ?" ಎಂದು ಕೇಳಿದಳು. "ನಿನ್ ಬಾಯಿಗೇ ಇಲ್ಲ, ಅವನಿಗೆಲ್ಲಿಂದ ತರ್ಲಿ ಅತ್ತೆ?" ಎಂದೆ. ಆಮೇಲೆ ಹಿಟ್ಟಂತೂ ಚೆನ್ನಾಗಿ ನಾದಿದಳು.

ನಾನು ಬಿಷ್ಕೆಕ್‌ಗೆ ಬಂದಿದ್ದಾಗ ನಿಮ್ಮ ಕೂಟಕ್ಕೆ ಕರೆದೊಯ್ದಿದ್ದೆಯಲ್ಲ, ಬಿಟ್ಟಿಯಾಗಿ ಅಂತರ್ಜಾಲದ ವಿಶ್ವಕೋಶ ಬರೆಯುವವರ ಕೂಟಕ್ಕೆ? ಅಲ್ಲಿ ಎಲ್ಲರೂ ನಿನ್ನಂಥವರಲ್ಲ. ವಾಚಾಳಿಗಳಿದ್ದರು, ಜಗಳಗಂಟರೂ ಇದ್ದರು. ಒಬ್ಬ ಸಂಜೆಯಿಡೀ ರೈಲು ನಿಲ್ದಾಣಗಳ ಬಗ್ಗೆಯೇ ಹೇಳಿದ, ಯಾರೂ ಸಾಕು ಮಾಡು ಎನ್ನಲಿಲ್ಲ. ಗದ್ದಲ ಕೇಳಿಸದಿರಲೆಂದು ದೊಡ್ಡ ಹೆಡ್‌ಫೋನ್ ಹಾಕಿಕೊಂಡಿದ್ದ ಆ ಹುಡುಗಿ ಸೆಜಿಮ್, ನನ್ನ ಮುಖ ನೋಡದೆಯೇ ಕುರ್ಚಿ ಸರಿಸಿ, "ಮಾತಾಡ್ಲೇಬೇಕು ಅಂತೇನಿಲ್ಲ ಅಕ್ಕ. ಸುಮ್ನೆ ಕೂತ್ಕೊಳ್ಳಿ, ಸಾಕು," ಎಂದಳು. ಜನರ ನಡುವೆ ನೀನು ದಣಿಯದೆ ಇದ್ದದ್ದನ್ನು ನಾನು ಮೊದಲ ಸಲ ನೋಡಿದ್ದು ಅಂದೇ. ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಮನೆಯಲ್ಲಿ ನಿನಗೆ ಯಾರೂ ಈ ಮಾತು ಹೇಳಿರಲಿಲ್ಲ.

ಅಪ್ಪ ಕಟ್ಟುತ್ತಿದ್ದ ಮರದ ಚೌಕಟ್ಟಿನ ಗುಡಾರಗಳಿಗೆ ಪ್ರಶಸ್ತಿ ಬಂದಾಗ ನೀನು ಆ ವಿಶ್ವಕೋಶದಲ್ಲಿ ಅವನ ಬಗ್ಗೆ ಪುಟ ಬರೆದೆ. ನಾನು ಓದಿ ಹೇಳಿದಾಗ ಅವನು ಗೊಣಗಿದ್ದ: "ಸಿಡುಕ ಅಂತಾನೂ ಬರೆದಿಲ್ಲ, ಒಳ್ಳೇವ್ನು ಅಂತಾನೂ ಬರೆದಿಲ್ಲ. ಯಾವ ಮರ, ಹೆಂಗೆ ಬಗ್ಗಿಸ್ತಾರೆ, ಅಷ್ಟೇನಾ ನಾನು?" ಆದರೆ ಆಮೇಲೆ ದಿನಾ ಬೆಳಿಗ್ಗೆ, "ಹುಡುಗ ಏನಾದ್ರೂ ತಿದ್ದಿದಾನಾ ನೋಡೇ," ಎನ್ನುತ್ತಿದ್ದ. ಯಾರು ಯಾವಾಗ ತಿದ್ದಿದರು ಎಂದು ತೋರಿಸುವ ಕಡೆ ನಿನ್ನ ಹೆಸರಿದ್ದರೆ, ಒಂದು ಅಲ್ಪವಿರಾಮ ಸರಿಸಿದ್ದರೂ ಸಾಕು, "ಬಂದು ಹೋಗಿದಾನೆ," ಎಂದು ಇನ್ನೊಂದು ಬಟ್ಟಲು ಚಹಾ ಕೇಳುತ್ತಿದ್ದ. ಇದು ನಿನಗೆ ಗೊತ್ತಿರಲಿಕ್ಕಿಲ್ಲ.

ಬಾ ತಮ್ಮಾ. ಅಪ್ಪ ಕೆಲಸ ಮಾಡುತ್ತಿದ್ದ ಕೋಣೆಯಲ್ಲಿ ಒಲೆ ಹಚ್ಚಿಟ್ಟಿರುತ್ತೇನೆ. ಅಲ್ಲೇ ಇರು. ಅಳಬೇಕಾಗಿಲ್ಲ, ಯಾರ ಕೈಯನ್ನೂ ಹಿಡಿಯಬೇಕಾಗಿಲ್ಲ. ಅತ್ತೆಯನ್ನು ನಾನು ನೋಡಿಕೊಳ್ಳುತ್ತೇನೆ. ನಿನ್ನನ್ನು ನೋಡಬೇಕು ಅನ್ನಿಸುತ್ತಿದೆ, ತುಂಬ ಅನ್ನಿಸುತ್ತಿದೆ.

ದೇವರು ನಿನ್ನ ದಾರಿ ಸುಗಮ ಮಾಡಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಕಣಿವೆಯಲ್ಲಿ ಆಗಲೇ ಹಿಮ ಬಿದ್ದಿದೆ, ಟೋಪಿ ಮರೆಯಬೇಡ.

ನಿನ್ನ ಅಕ್ಕ,
ಜಿಪಾರ್

ಮೇಲೆ ಬರೆಯಲು ಕೈ ಬಾರದೆ ಉಳಿದದ್ದು: ಅಪ್ಪ ಹೋದ ಮರುವಾರ ಅವನ ಪುಟದಲ್ಲಿ ಸಾವಿನ ದಿನಾಂಕ ಸೇರಿಸಿದವಳು ನಾನೇ. ನೀನು ಕೂಡಲೇ ಅದನ್ನು ತೆಗೆದು "ಆಧಾರವಿಲ್ಲ" ಎಂದು ಬರೆದೆ. ನಿಮ್ಮ ನಿಯಮ ಗೊತ್ತು, ಎಲ್ಲಾದರೂ ಅಚ್ಚಾಗಿರಬೇಕು. ಆದರೆ ಉಸಿರು ನಿಂತಾಗ ಅವನ ತಲೆ ನನ್ನ ತೊಡೆಯ ಮೇಲಿತ್ತು ತಮ್ಮಾ. ಅಂದು ನಿನ್ನ ಮೇಲೆ ಸಿಟ್ಟು ಬಂದು ಅತ್ತುಬಿಟ್ಟೆ. ಈಗ ನಾನೂ ಬೆಳಿಗ್ಗೆ ಎದ್ದರೆ ಆ ಪುಟವನ್ನೇ ತೆರೆಯುತ್ತೇನೆ, ಅಲ್ಲಿ ಅಪ್ಪ ಇನ್ನೂ ಬದುಕಿದ್ದಾನೆ. ಮೊನ್ನೆ ನಮ್ಮ ಜಿಲ್ಲೆಯ ಪತ್ರಿಕೆಯಲ್ಲಿ ಸುದ್ದಿ ಅಚ್ಚಾಯಿತು. ಅದು ಕಾಗದದಲ್ಲಷ್ಟೇ ಬರುವ ಪತ್ರಿಕೆ. ಒಂದು ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟಿದ್ದೇನೆ, ಈ ಲಕೋಟೆಯಲ್ಲಿ ಇಟ್ಟಿಲ್ಲ. ನೀನೇ ಬಂದು ತೆಗೆದುಕೋ. ಇಬ್ಬರೂ ಕೂತು ದಿನಾಂಕ ಹಾಕೋಣ. ಇನ್ನೊಮ್ಮೆ ಅದನ್ನು ಒಬ್ಬಳೇ ಬರೆಯಲು ನನ್ನಿಂದಾಗುವುದಿಲ್ಲ.