ಗೂಳಿ ಆರಿಸಿದ ಕಬ್ಬಿನ ಕಟ್ಟು

ಪೆರಿಯಣ್ಣಾ,

ನಾನು ಮೊದಲ ಬಸ್ಸಿಗೆ ಮಧುರೈಗೆ ಹೊರಟೆ. ಬಿ.ಎಸ್ಸಿ. ಫಿಸಿಕ್ಸಿನ ಇಂಟರ್ವ್ಯೂ ಇವತ್ತೇ. ಈ ಚೀಟಿಯನ್ನು ಅಪ್ಪನಿಗೆ ಓದಿ ಹೇಳು, ಆದರೆ ಅವರ ಊಟ ಮುಗಿದ ಮೇಲೆ.

ದೇವರಿಗೆ ಬಿಟ್ಟ ದನಗಳ ಹಿಂಡಿಗೆ ಪಟ್ಟದ ಗೂಳಿಯನ್ನು ನಮ್ಮವರು ಕಬ್ಬು ಇಟ್ಟು, ಮೊದಲು ಬಾಯಿ ಹಾಕಿದ್ದನ್ನೇ ಆರಿಸುತ್ತಾರೆ, ಸರಿ. ಹಾಗೆ ಆರಿಸಿದ ಗೂಳಿಯ ಮುಂದೆ ನಿನ್ನೆ ಅಪ್ಪ ನನ್ನ ಕಾಲೇಜಿಗೊಂದು, ಚಿನ್ನಮನೂರಿನ ಮಾವನ ಮಗನ ಜೊತೆ ನನ್ನ ಮದುವೆಗೊಂದು ಅಂತ ಎರಡು ಕಟ್ಟು ಇಟ್ಟರಲ್ಲ! ಅದು ಮದುವೆಯ ಕಟ್ಟಿಗೆ ಬಾಯಿ ಹಾಕಿದ್ದೇ ತಡ, "ದೇವರೇ ಸೊಲ್ಲಿಬಿಡ್ತು, ಇನ್ನೇನದೆ ಮಾತು?" ಅಂದರು. ಮದುವೆಯ ಕಟ್ಟು ಇದ್ದ ಮೂಲೆಯಲ್ಲೇ ದಿನಾ ಅದಕ್ಕೆ ಹುಲ್ಲು ಹಾಕುವವನು ನೀನಲ್ಲವಾ, ಅಪ್ಪನಿಗೆ ಹೇಳಬಾರದಿತ್ತಾ?

ಸಂಜೆ ಅಪ್ಪನ ಎದುರೇ ಕಟ್ಟುಗಳನ್ನು ಅದಲು ಬದಲು ಮಾಡಿಡು. ಗೂಳಿ ಮತ್ತೆ ಅದೇ ಮೂಲೆಗೆ ಹೋದರೆ, ಅದು ಆರಿಸಿದ್ದು ಮೂಲೆಯನ್ನು, ಮದುವೆ ಮಾಪ್ಪಿಳ್ಳೆಯನ್ನಲ್ಲ.

ಫಿಸಿಕ್ಸ್ ಸಿಗದಿದ್ದರೆ ಗಣಿತ ಕೇಳುತ್ತೇನೆ. ಅದೂ ಇಲ್ಲದಿದ್ದರೆ ಟೀಚರ್ ಟ್ರೈನಿಂಗ್. ಮಾವನ ಮಗ ಈ ಸಾಲಿನಲ್ಲಿ ಎಲ್ಲೂ ಇಲ್ಲ.

ಅಮ್ಮ ಗುಟ್ಟಾಗಿ ಬುತ್ತಿ ಕಟ್ಟಿಕೊಟ್ಟಿದ್ದಾಳೆ. ಇದೊಂದನ್ನು ಅಪ್ಪನಿಗೆ ಓದಬೇಡ.

ಕಟ್ಟು ಬದಲಿಸಿದ ಮೇಲೂ ಗೂಳಿ ಹುಡುಕಿಕೊಂಡು ಹೋಗಿ ಮದುವೆಯ ಕಬ್ಬನ್ನೇ ಮೇಯ್ದರೆ, ಪಾಪ, ಆ ಗೂಳಿಗೇ ಮದುವೆಯ ಆಸೆ ಇದೆ ಅಂತ ಅರ್ಥ. ಒಳ್ಳೆಯ ಮುಹೂರ್ತ ನೋಡಿ ಮಾಡಿಸಿಬಿಡಿ. ನಾನು ಕಾಲೇಜಿಗೆ ರಜಾ ಹಾಕಿ ಬಂದು ಊಟ ಮಾಡಿಕೊಂಡು ಹೋಗುತ್ತೇನೆ.

ಮೂಕಮ್ಮಾಳ್