ಮುಳ್ಳು ಅರ್ಧದಲ್ಲಿದ್ದಾಗ

ಬುಧವಾರ, ಮಾರ್ಚ್ 12
ಅಂಗಡಿಯಿಂದ, ಬೆಳಿಗ್ಗೆ

ಪ್ರೀತಿಯ ಚೂಟಿ,

ಈ ಕಾಗದ ನೋಡಿ ನೀನು ಮೊದಲು ಗಾಬರಿಯಾಗುತ್ತೀ, ಆಮೇಲೆ ನಗುತ್ತೀ ಅಂತ ಗೊತ್ತು. ಅಮ್ಮ ಆರೋಗ್ಯವಾಗಿದ್ದಾಳೆ, ಅಂಗಡಿ ಇದ್ದ ಜಾಗದಲ್ಲೇ ಇದೆ, ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ನಿನ್ನ ಜೊತೆ ಮಾತಾಡುವುದು ನನ್ನ ಕೈಲಾಗದ ಕೆಲಸ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಒಂದು ಮಾತು ಪೂರ್ತಿ ಮಾಡುವ ಮೊದಲೇ ನೀನು ಆಯ್ತಮ್ಮ ಆಯ್ತಮ್ಮ ಅಂತ ಶುರು ಮಾಡುತ್ತೀ. ಕಾಗದಕ್ಕೆ ನಡುವೆ ಬಾಯಿ ಹಾಕಲು ಆಗುವುದಿಲ್ಲವಲ್ಲ. ಪೂರ್ತಿ ಓದು. ಏನಾದರೂ ತಿಂದುಕೊಂಡು ಓದು, ಹಸಿದಾಗ ನಿನಗೆ ಎಲ್ಲರ ಮೇಲೂ ಸಿಟ್ಟು.

ನೀನು ಕೇಳಿದ್ದು ಎರಡೇ ಸಾಲು. ಮೂವತ್ತು ವರ್ಷ ಬ್ಯಾಟರಿ ರಿಪೇರಿ ಮಾಡಿದ ನಾನು, ಬ್ಯಾಟರಿಯ ಹಾಗೇ ಕರೆಂಟು ಹಿಡಿದಿಡುವ ನಿಮ್ಮ ಕಂಪನಿಯ ಸೂಪರ್ ಕೆಪಾಸಿಟರ್ ಪೆಟ್ಟಿಗೆಯನ್ನು ಒಂದು ತಿಂಗಳು ಬಳಸಿ ನೋಡಿದ್ದೇನೆ, ಬ್ಯಾಟರಿ ಇರುವ ಕಡೆ ಅದನ್ನು ತೆಗೆದು ಇದನ್ನು ಇಡಬಹುದು ಅಂತ. ಅಷ್ಟು ಬರೆದು ಸಹಿ ಹಾಕಿ ಕಳಿಸಿದರೆ ನಿನ್ನ ವರದಿಗೆ ಲಗತ್ತಿಸುತ್ತೀ. ಬರುವ ಮಂಗಳವಾರ ನೀನು ಆ ವರದಿಗೆ ಸಹಿ ಹಾಕಿದರೆ ಮೂವತ್ತು ಸಣ್ಣ ಆಸ್ಪತ್ರೆಗಳಲ್ಲಿ ಬ್ಯಾಟರಿ ಹೊರಗೆ ಹೋಗಿ ನಿಮ್ಮ ಪೆಟ್ಟಿಗೆ ಒಳಗೆ ಬರುತ್ತದೆ, ಆ ವಿಭಾಗಕ್ಕೆ ನೀನೇ ಮುಖ್ಯಸ್ಥೆ. ಐದು ವರ್ಷ ಊಟ ನಿದ್ದೆ ಬಿಟ್ಟು ದುಡಿದಿದ್ದೀ, ಅದು ನನಗೆ ಗೊತ್ತಿಲ್ಲದ್ದಲ್ಲ. ಆ ಎರಡು ಸಾಲು ಬರೆಯಲು ನಾಲ್ಕು ದಿನದಿಂದ ಪೆನ್ನು ಹಿಡಿದು ಕೂತಿದ್ದೇನೆ.

ಮೊದಲು ಹೊಗಳಿಬಿಡುತ್ತೇನೆ, ಯಾಕೆಂದರೆ ಹೊಗಳಬೇಕಾದ್ದು ಬೇಕಾದಷ್ಟಿದೆ. ಪೆಟ್ಟಿಗೆ ಬಂದ ದಿನ ಅದನ್ನು ಪ್ಲಗ್ಗಿಗೆ ಸಿಕ್ಕಿಸಿ, ತುಂಬುವ ಹೊತ್ತಿಗೆ ತುಂಬಲಿ ಅಂತ ಟೀಗೆ ನೀರಿಟ್ಟೆ. ಟೀ ಸೋಸುವಷ್ಟರಲ್ಲಿ ಅದು ತುಂಬಿ ಕೂತಿತ್ತು. ಆರು ನಿಮಿಷ. ಬೆಳಿಗ್ಗೆ ಚಾರ್ಜಿಗೆ ಹಾಕಿದ ಬ್ಯಾಟರಿಯನ್ನು ಸಂಜೆ ಹೋಗಿ ಮುಟ್ಟಿ ನೋಡುವ ಜೀವ ನನ್ನದು, ನಂಬಿಕೆಯೇ ಬರಲಿಲ್ಲ. ಖಾಲಿ ಮಾಡಿ ಮತ್ತೆ ತುಂಬಿಸಿದೆ, ಮತ್ತೆ ಆರೇ ನಿಮಿಷ. ಮೂರು ವಾರ ದಿನಕ್ಕೆ ಹತ್ತು ಸಲ ಹೀಗೆ ಗೋಳು ಹೊಯ್ದುಕೊಂಡೆ. ನನ್ನ ಬ್ಯಾಟರಿಗಳಿಗೆ ಹೀಗೆ ಮಾಡಿದ್ದರೆ ಅಷ್ಟರಲ್ಲಿ ಮುದಿಯಾಗಿಬಿಡುತ್ತಿದ್ದವು. ನಿನ್ನದು ಬಿಸಿಯಾಗಲಿಲ್ಲ, ಉಬ್ಬಲಿಲ್ಲ, ನೀರು ಕೇಳಲಿಲ್ಲ, ಆಸಿಡ್ ಹಾರಿ ನನ್ನ ಬಟ್ಟೆ ತೂತಾಗಲಿಲ್ಲ. ಪಕ್ಕದ ಟೈಲರ್ ತನ್ನ ದೊಡ್ಡ ಮೆಷಿನ್ನನ್ನು ಇದಕ್ಕೆ ಜೋಡಿಸಿ ನೋಡಿದ. ಮೋಟರು ಶುರುವಾಗುವಾಗ ಒಮ್ಮೆಗೇ ಎಳೆಯುತ್ತದಲ್ಲ, ಆಗ ನನ್ನ ಹಳೇ ಬ್ಯಾಟರಿ ಏದುಸಿರು ಬಿಡುತ್ತದೆ. ನಿನ್ನ ಪೆಟ್ಟಿಗೆ ಕ್ಯಾರೇ ಅನ್ನಲಿಲ್ಲ. ಮಗಳನ್ನು ಹೆತ್ತರೆ ಹೀಗೆ ಹೆರಬೇಕು ಅಂತ ಟೈಲರ್ ಅಂದ. ಅದರಲ್ಲೇನಿದೆ ಬಿಡಪ್ಪ ಅಂತ ನಾನು ಬಾಯಲ್ಲಿ ಹೇಳಿದೆ, ಆದರೆ ಅವತ್ತಿಡೀ ನನ್ನ ಕಾಲು ನೆಲದ ಮೇಲಿರಲಿಲ್ಲ.

ಆಮೇಲೆ ದೀಪ ಹಚ್ಚಿ ನೋಡಿದೆ. ಆಸ್ಪತ್ರೆಯ ಮೇಜಿನ ಮೇಲೆ ಬಾಗಿಕೊಂಡಿರುತ್ತದಲ್ಲ, ಅಂಥ ದೊಡ್ಡ ದೀಪ. ನಲವತ್ತು ನಿಮಿಷ ಉರಿಯಿತು. ಅಷ್ಟೇ ತೂಕದ ನನ್ನ ಬ್ಯಾಟರಿಗೆ ಅದೇ ದೀಪ ಸಿಕ್ಕಿಸಿದೆ, ಐದು ಗಂಟೆ ದಾಟಿತು. ಹಾಗಾದರೆ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿದರಾಯಿತು ಅನ್ನುತ್ತೀ. ಏಳೆಂಟು ಬೇಕಾಗುತ್ತವೆ, ಆ ಆಸ್ಪತ್ರೆಗಳಲ್ಲಿ ಮಂಚ ಹಾಕಲಿಕ್ಕೇ ಜಾಗವಿಲ್ಲ. ಇನ್ನೊಂದು. ನಾನು ಹತ್ತು ದಿನ ನಿನ್ನ ದೊಡ್ಡಮ್ಮನ ಮನೆಗೆ ಹೋಗಿದ್ದಾಗ ಪೆಟ್ಟಿಗೆಯನ್ನು ಪೂರ್ತಿ ತುಂಬಿಸಿ, ತಂತಿ ಬಿಚ್ಚಿ, ಬೀರುವಿನಲ್ಲಿಟ್ಟಿದ್ದೆ. ಬಂದು ನೋಡಿದರೆ ಯಾರೂ ಮುಟ್ಟದೆ ಅರ್ಧಕ್ಕಿಂತ ಹೆಚ್ಚು ಚಾರ್ಜು ಸೋರಿಹೋಗಿತ್ತು. ಪಕ್ಕದಲ್ಲಿದ್ದ ಬ್ಯಾಟರಿ ಹಾಗೇ ಇತ್ತು. ಇವೆಲ್ಲ ನಿನಗೆ ಗೊತ್ತಿರುವುದೇ. ನಿನ್ನ ವರದಿಯಲ್ಲಿ ಎಲ್ಲೋ ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರಲೂಬಹುದು.

ಈಗ ನೀನು ಹುಬ್ಬು ಗಂಟಿಕ್ಕಿರುತ್ತೀ. ಬ್ಯಾಟರಿಯವಳು ಇನ್ನೇನು ಬರೆದಾಳು, ಅಂಗಡಿ ಮುಚ್ಚಿಹೋಗುತ್ತದೆ ಅಂತ ಹೆದರಿಕೆ ಅಂದುಕೊಂಡಿರುತ್ತೀ. ಹೋದ ಸಲ ಬಂದಾಗ ನೀನು ಈ ಬೆಂಚಿನ ಮೇಲೆ ಕೂತು, ಇನ್ನು ಹತ್ತು ವರ್ಷಕ್ಕೆ ಅಂಗಡಿಯಲ್ಲಿ ಬೋರ್ಡು ಮಾತ್ರ ಉಳಿಯುತ್ತದಮ್ಮ ಅಂದೆ. ನಗುತ್ತಲೇ ಅಂದೆ. ನನಗೆ ಬಹಳ ನೋವಾಯಿತು ಚೂಟಿ. ನೀನು ಹೊರಟ ದಿನ ಗಿರಾಕಿ ಬರುತ್ತಾರೆ ಅಂತ ಹೇಳಿ ನಾನು ಬಸ್ ಸ್ಟಾಪಿಗೆ ಬರಲಿಲ್ಲ. ಯಾವ ಗಿರಾಕಿಯೂ ಇರಲಿಲ್ಲ. ಒಳಗೆ ಕೂತು ಬ್ಯಾಟರಿಯ ಒಂದು ಟರ್ಮಿನಲ್ಲನ್ನೇ ಅರ್ಧ ಗಂಟೆ ಉಜ್ಜಿದೆ. ಹೊಟ್ಟೆಕಿಚ್ಚು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅದೇ ಕಾರಣಕ್ಕೆ ಪ್ರತಿ ಅಳತೆಯನ್ನೂ ಮೂರು ಸಲ ಮಾಡಿದ್ದೇನೆ, ಒಂದು ಸಲ ಟೈಲರ್ ಕೈಯಲ್ಲಿ ಮಾಡಿಸಿದ್ದೇನೆ.

ಇಷ್ಟು ಹೊತ್ತು ಸುತ್ತಿ ಬಳಸಿ ಬರೆದೆ. ಹೇಳಬೇಕಾದ್ದು ಬೇರೆಯೇ ಇದೆ. ಯಾರಿಗೂ ಏನೂ ಆಗಿಲ್ಲ ಅಂತ ಮೇಲೆ ಬರೆದೆನಲ್ಲ, ಅದು ದೇವರ ದಯೆಯಿಂದ ಬರೆದ ಮಾತು.

ನಮ್ಮ ಹಿಂದಿನ ಬೀದಿಯ ಹೆರಿಗೆ ಆಸ್ಪತ್ರೆಯ ಬ್ಯಾಟರಿ ವರ್ಷಕ್ಕೊಮ್ಮೆ ನನ್ನ ಹತ್ತಿರ ಸರ್ವೀಸಿಗೆ ಬರುತ್ತದೆ. ಯಾವಾಗಲೂ ನಾನು ಅಂಗಡಿಯದೊಂದು ಬ್ಯಾಟರಿಯನ್ನು ಅಲ್ಲಿ ಇಟ್ಟು, ಅವರದನ್ನು ತರುತ್ತೇನೆ. ಈ ಸಲ, ಹೋದ ಶುಕ್ರವಾರ ಬೆಳಿಗ್ಗೆ, ನಿನ್ನ ಪೆಟ್ಟಿಗೆಯನ್ನು ಇಟ್ಟುಬಂದೆ. ನೀನು ಹೇಳಿರಲಿಲ್ಲ, ನಾನೇ ಇಟ್ಟೆ. ನನ್ನ ಮಗಳು ಮಾಡಿದ್ದು ಅಂತ ನರ್ಸಮ್ಮನ ಮುಂದೆ ಎರಡು ಸಲ ಹೇಳಿದೆ. ನಲವತ್ತು ನಿಮಿಷ ಬರುತ್ತದೆ, ಈ ಮೀಟರಿನಲ್ಲಿ ಮುಳ್ಳು ಇದೆ, ನೋಡಿಕೊಂಡಿರಿ ಅಂತಲೂ ಹೇಳಿದೆ.

ಮಧ್ಯಾಹ್ನ ಕರೆಂಟು ಹೋಯಿತು. ಆ ಕೋಣೆಗೆ ಕಿಟಕಿ ಇಲ್ಲ. ಒಳಗೆ ಒಬ್ಬಳು ಹುಡುಗಿಗೆ ನಿನ್ನ ಪೆಟ್ಟಿಗೆಯ ಬೆಳಕಿನಲ್ಲೇ ಹೆರಿಗೆಯಾಯಿತು, ಮೊದಲನೆಯದು. ಮಗು ಚೆನ್ನಾಗಿತ್ತು, ತಾಯಿಗೆ ಹೊಲಿಗೆ ಹಾಕಬೇಕಿತ್ತು. ಮುಳ್ಳು ಸರಿಯಾಗಿ ಅರ್ಧದಲ್ಲಿದೆ, ಶುರು ಮಾಡಲೋ ಕರೆಂಟು ಬರಲಿ ಅಂತ ಕಾಯಲೋ ಅಂತ ನರ್ಸಮ್ಮ ಫೋನು ಮಾಡಿ ಕೇಳಿದರು. ಅರ್ಧ ಇದೆಯಲ್ಲ, ಇನ್ನೂ ಇಪ್ಪತ್ತು ನಿಮಿಷ ಆರಾಮಾಗಿ ಬರುತ್ತದೆ, ಶುರು ಮಾಡಿ ಅಂತ ನಾನೇ ಹೇಳಿದೆ. ನಾಲ್ಕೇ ನಿಮಿಷಕ್ಕೆ ದೀಪ ಹೋಯಿತು.

ಯಾಕೆ ಹೋಯಿತು ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಪೆಟ್ಟಿಗೆಯ ಮುಳ್ಳು ತೋರಿಸುವುದು ವೋಲ್ಟು. ಅದು ಅರ್ಧಕ್ಕೆ ಇಳಿದರೆ ಒಳಗೆ ಉಳಿದಿರುವುದು ಕಾಲು ಭಾಗ, ಅದರಲ್ಲೂ ದೀಪಕ್ಕೆ ದಕ್ಕುವುದು ಚೂರೇ ಚೂರು. ಪೆಟ್ಟಿಗೆ ಕಳಿಸಿದ ದಿನವೇ ನೀನು ಇದನ್ನು ಫೋನಿನಲ್ಲಿ ಹೇಳಿದ್ದೆ. ಈ ಸಲ ಆಯ್ತಾಯ್ತು ಅಂದವಳು ನಾನು. ಮೂವತ್ತು ವರ್ಷದಿಂದ ಬ್ಯಾಟರಿಗಳ ವೋಲ್ಟು ನೋಡಿದವಳಿಗೆ ನೀನೇನು ಹೊಸದು ಹೇಳುತ್ತೀ ಅಂದುಕೊಂಡು ಕೇಳಿಸಿಕೊಳ್ಳಲಿಲ್ಲ. ನನ್ನ ಬ್ಯಾಟರಿಗಳಲ್ಲಿ ವೋಲ್ಟು ಕೊನೆಯವರೆಗೂ ಹೆಚ್ಚು ಇಳಿಯುವುದೇ ಇಲ್ಲ, ಹಾಗಾಗಿ ಅರ್ಧಕ್ಕೆ ಬಂದ ಮುಳ್ಳಿನ ಅರ್ಥ ಏನು ಅಂತ ನಾನು ಯೋಚಿಸಿಯೇ ಇರಲಿಲ್ಲ, ನಿನ್ನ ಪೆಟ್ಟಿಗೆಯನ್ನು ಅಳೆಯುವಾಗಲೂ ಗಡಿಯಾರವನ್ನಷ್ಟೇ ನೋಡಿದ್ದೆ. ನರ್ಸಮ್ಮ ಕೇಳಿದಾಗ ನೀರಿನ ಡ್ರಮ್ಮು ಅರ್ಧ ಇದ್ದ ಹಾಗೆ ಲೆಕ್ಕ ಹಾಕಿದೆ.

ನಾನು ಚಪ್ಪಲಿ ಹಾಕದೆ ಓಡಿದೆ. ಹೋಗುವಷ್ಟರಲ್ಲಿ ಆ ಹುಡುಗಿಯ ಅತ್ತಿಗೆ ಫೋನಿನ ಬೆಳಕು ಹಿಡಿದು ನಿಂತಿದ್ದಳು, ಬೆಳಕು ಅತ್ತಿತ್ತ ಆಡುತ್ತಿತ್ತು. ನರ್ಸಮ್ಮ ಒಂದು ಕೈಯಲ್ಲಿ ಬಟ್ಟೆ ಒತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸೂಜಿ ಹಿಡಿದು ಕೆಲಸ ಮಾಡುತ್ತಿದ್ದರು. ನೆಲದ ಮೇಲೆ ರಕ್ತ ಇತ್ತು. ಅತ್ತಿಗೆಯ ಕೈಯಿಂದ ಫೋನು ತೆಗೆದುಕೊಂಡು ನಾನು ಹಿಡಿದೆ. ಆ ಹುಡುಗಿ ನನ್ನನ್ನು ಡಾಕ್ಟರ್ ಅಂದುಕೊಂಡು, ನನಗೇನೂ ಆಗಲ್ಲ ಅಲ್ವಾ ಅಂತ ಕೇಳಿದಳು. ಏನೂ ಆಗಲ್ಲಮ್ಮ ಅಂದೆ. ಹದಿನೈದು ನಿಮಿಷವಾಯಿತು ಮುಗಿಯಲು. ಈಗ ತಾಯಿ ಮಗು ಇಬ್ಬರೂ ಮನೆಗೆ ಹೋಗಿದ್ದಾರೆ, ನೆನ್ನೆ ಹೋಗಿ ನೋಡಿಕೊಂಡು ಬಂದೆ. ಎದ್ದು ಓಡಾಡುತ್ತಾಳೆ, ಸ್ವಲ್ಪ ಬಿಳಿಚಿಕೊಂಡಿದ್ದಾಳೆ.

ನರ್ಸಮ್ಮ ನನ್ನನ್ನು ಬೈಯಲಿಲ್ಲ. ಕೈ ತೊಳೆದುಕೊಂಡು ಬಂದು, ನಿಮಗೇ ತಿಳಿಯಲಿಲ್ಲವಲ್ಲ, ನಮಗೆ ಹೇಗೆ ತಿಳಿಯಬೇಕು ಅಂತ ಕೇಳಿದರು ಅಷ್ಟೇ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಆ ಮಾತು ನನ್ನ ತಲೆಯಿಂದ ಇಳಿಯುತ್ತಿಲ್ಲ. ಮೂವತ್ತು ಆಸ್ಪತ್ರೆಗಳಲ್ಲಿ ಮೂವತ್ತು ನರ್ಸಮ್ಮಂದಿರು ಆ ಮುಳ್ಳನ್ನು ನೋಡುತ್ತಾರೆ. ಅವರ ಹಿಂದೆ ಆಗ ಬ್ಯಾಟರಿ ಇರುವುದಿಲ್ಲ, ಓಡಿಬರಲು ಪಕ್ಕದ ಬೀದಿಯಲ್ಲಿ ಯಾರೂ ಇರುವುದಿಲ್ಲ.

ನಿನ್ನ ಪೆಟ್ಟಿಗೆ ಕೆಲಸಕ್ಕೆ ಬಾರದು ಅಂತ ನಾನು ಬರೆಯುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡ. ಶನಿವಾರದಿಂದ ಅದನ್ನು ನನ್ನ ಹಳೇ ಬ್ಯಾಟರಿಯ ಪಕ್ಕಕ್ಕೆ ಜೋಡಿಸಿಟ್ಟಿದ್ದೇನೆ, ಯಾವಾಗ ಯಾವುದು ಭಾರ ಹೊರಬೇಕು ಅಂತ ನೋಡಿಕೊಳ್ಳಲು ನಡುವೆ ನೀನು ಕಳಿಸಿದ ಕಂಟ್ರೋಲರ್ ಹಾಕಿದ್ದೇನೆ. ಟೈಲರ್ ಮೆಷಿನ್ನು ಒಮ್ಮೆಗೇ ಎಳೆದಾಗ ನಿನ್ನ ಪೆಟ್ಟಿಗೆ ಮುಂದೆ ಬಂದು ಭಾರ ಹೊರುತ್ತದೆ, ಆಮೇಲೆ ಗಂಟೆಗಟ್ಟಲೆ ನನ್ನ ಬ್ಯಾಟರಿ ಎಳೆದುಕೊಂಡು ಹೋಗುತ್ತದೆ. ಕರೆಂಟು ಹತ್ತು ನಿಮಿಷ ಬಂದು ಹೋದರೂ ಅಷ್ಟರಲ್ಲಿ ನಿನ್ನದು ತುಂಬಿಕೊಂಡಿರುತ್ತದೆ, ಅದು ನನ್ನದರ ಕೈಲಾಗದ ಕೆಲಸ. ಮೊನ್ನೆಯವರೆಗೆ ಏದುಸಿರು ಬಿಡುತ್ತಿದ್ದ ಬ್ಯಾಟರಿ ಈಗ ಬಿಸಿಯೇ ಆಗುತ್ತಿಲ್ಲ. ಇದನ್ನು ಬರೆದುಕೊಡು ಅಂದರೆ ಎರಡು ಸಾಲಲ್ಲ, ಎರಡು ಪುಟ ಬರೆದುಕೊಡುತ್ತೇನೆ. ಬ್ಯಾಟರಿ ಬೇಡವೇ ಬೇಡ ಅಂತ ಹೇಳಿಯೇ ನಿಮ್ಮವರು ಮಾರಲು ಹೊರಟಿದ್ದಾರೆ, ಜೊತೆಗಿಡಿ ಅಂದರೆ ಮುಖ ಸಿಂಡರಿಸುತ್ತಾರೆ ಅನ್ನುವುದೂ ಗೊತ್ತು. ಆ ಮುಖ್ಯಸ್ಥೆಯ ಕುರ್ಚಿ ಬೇರೆಯವರ ಪಾಲಾಗಬಹುದು.

ನೀನು ಕೇಳಿದ ಎರಡು ಸಾಲನ್ನು ನಾನು ಬರೆಯಲಾರೆ. ಮಗಳು ಕೇಳಿದ್ದನ್ನು ಇಲ್ಲ ಅಂದದ್ದು ಇದೇ ಮೊದಲಿರಬೇಕು, ಸಣ್ಣವಳಿದ್ದಾಗ ಆಸಿಡ್ ಬಾಟಲಿ ಕೇಳಿದ್ದನ್ನು ಬಿಟ್ಟರೆ. ನಿನ್ನ ವರದಿಯಲ್ಲಿ ಏನಿರಬೇಕು ಅನ್ನುವುದು ನಿನಗೆ ಬಿಟ್ಟದ್ದು. ನಡೆದದ್ದನ್ನು ನಡೆದ ಹಾಗೆ ನಿನ್ನ ಮುಂದೆ ಇಟ್ಟಿದ್ದೇನೆ. ತಪ್ಪು ನನ್ನದು ಅಂತ ಬರೆದುಕೋ, ಬ್ಯಾಟರಿ ಅಂಗಡಿಯ ಹೆಂಗಸೊಬ್ಬಳು ಮುಳ್ಳನ್ನು ತಪ್ಪಾಗಿ ಓದಿದಳು ಅಂತ ಬರೆದುಕೋ, ನನಗೇನೂ ಬೇಸರವಿಲ್ಲ.

ಮುಂದಿನ ಸಲ ಬಂದಾಗ ಬಸ್ ಸ್ಟಾಪಿಗೆ ನಾನೇ ಬರುತ್ತೇನೆ, ಅಂಗಡಿಗೆ ಬೀಗ ಹಾಕಿ. ಬಿಸಿಲಿಗೆ ತಲೆ ಮುಚ್ಚಿಕೊಂಡು ಓಡಾಡು.

ಸಿಟ್ಟಾದರೂ ಫೋನು ಎತ್ತುತ್ತೀ ಅಂತ ನಂಬಿರುವ,
ನಿನ್ನ ಅಮ್ಮ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬಾರದೆ ಬಿಟ್ಟದ್ದು. ನಿನಗೆ ಬಿಟ್ಟದ್ದು ಅಂತ ಬರೆದೆನಲ್ಲ, ಅದು ಪೂರ್ತಿ ನಿಜವಲ್ಲ. ಹೋದ ಶುಕ್ರವಾರ ನಡೆದದ್ದನ್ನೆಲ್ಲ ನರ್ಸಮ್ಮ ನಿಮ್ಮ ಮೇಲಿನವರಿಗೆ ಬರೆದಿದ್ದಾರೆ. ವಿಳಾಸ ಕೊಟ್ಟವಳು ನಾನು. ಎಷ್ಟು ನಿಮಿಷ, ಎಷ್ಟು ವೋಲ್ಟು ಅನ್ನುವ ಪಟ್ಟಿಯನ್ನು ಬರೆದುಕೊಟ್ಟವಳೂ ನಾನು, ಅವರ ಸಹಿಯ ಕೆಳಗೆ ನನ್ನ ಸಹಿಯೂ ಇದೆ. ಅದು ಇವತ್ತೇ ಹೊರಡಬೇಕಿತ್ತು, ಕೈಮುಗಿದು ನಿಲ್ಲಿಸಿದ್ದೇನೆ. ನಾಡಿದ್ದು ಶುಕ್ರವಾರ ಸಂಜೆ ಕೊರಿಯರಿಗೆ ಕೊಡುತ್ತಾರೆ, ಸೋಮವಾರ ನಿಮ್ಮ ಮೇಲಿನವರ ಮೇಜಿನ ಮೇಲಿರುತ್ತದೆ. ಈ ಕಾಗದ ಶುಕ್ರವಾರ ಬೆಳಿಗ್ಗೆಯೇ ನಿನ್ನ ಕೈಗೆ ಬರುತ್ತದೆ. ಶನಿವಾರ ಭಾನುವಾರ ನಿಮ್ಮ ಆಫೀಸಿಗೆ ರಜೆ, ಒಂದು ದಿನ ಸಿಗುತ್ತದೆ ಮಗಳೇ, ಅಷ್ಟೇ ಸಂಪಾದಿಸಿಕೊಡಲು ನನ್ನಿಂದಾಯಿತು. ಅವರು ನನ್ನ ಸಹಿ ನೋಡುವ ಮೊದಲು ನಿನ್ನ ಬಾಯಿಂದ ಕೇಳಲಿ.